ಆಸ್ಟ್ರೇಲಿಯಾದ ಕರಾವಳಿ ದಾರಿ: ಹಾವಿಗಿಂತ ಮುಸ್ಸಂಜೆಗೆ ಹೆದರಿ

ಪ್ರಶ್ನೆ: ನಾನು ಸಾಗರದವನು, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಾಲ್ಯದ ಗೆಳೆಯ ಮೂರು ವರ್ಷದಿಂದ ಮೆಲ್ಬರ್ನ್‌ನಲ್ಲಿದ್ದಾನೆ. ದಸರಾ ರಜೆಗೆ, ಅಕ್ಟೋಬರ್ ಮಧ್ಯದಲ್ಲಿ, ಅವನ ಹತ್ತಿರ ಹೋಗುತ್ತಿದ್ದೇನೆ. ಸುತ್ತಾಡಲು ಆರು ದಿನ ಇದೆ. ಮೊದಲು ಮೆಲ್ಬರ್ನ್‌ನ ಪಶ್ಚಿಮದ ಕರಾವಳಿ ರಸ್ತೆ ಗ್ರೇಟ್ ಓಷನ್ ರೋಡ್ ನೋಡಿಕೊಂಡು ಮೆಲ್ಬರ್ನ್‌ಗೆ ವಾಪಸ್, ಆಮೇಲೆ ಸಮುದ್ರದ ಪಕ್ಕದ ದಾರಿಯಲ್ಲೇ ಸಿಡ್ನಿಗೆ ಅಂತ ಯೋಚನೆ. ಹಗಲು ಜಾಗ ನೋಡಿ ರಾತ್ರಿ ಕಾರು ಓಡಿಸಿದರೆ ಸಮಯ ಉಳಿಯುತ್ತದೆ ಅಲ್ವಾ? ಬೆಂಗಳೂರಿಂದ ಸಾಗರಕ್ಕೆ ರಾತ್ರಿ ಎಷ್ಟೋ ಸಲ ಓಡಿಸಿದ್ದೇನೆ. ಒಂದೆರಡು ರಾತ್ರಿ ಕಾರಿನಲ್ಲೇ ಮಲಗೋಣ ಅಂತಲೂ ಇದೆ. ಅಮ್ಮನಿಗೆ ಹಾವು, ಜೇಡ, ಶಾರ್ಕ್ ಭಯ. ನನ್ನ ಕರ್ನಾಟಕದ ಲೈಸೆನ್ಸ್ ಅಲ್ಲಿ ನಡೆಯುತ್ತದಾ? ಗೆಳೆಯನ ಕಾರು ಒಳ್ಳೆಯದೋ, ಬಾಡಿಗೆ ಕಾರೋ? ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ?

ಉತ್ತರ: ನೀವು ಬರೆದ ಯೋಜನೆಯಲ್ಲಿ ಒಂದು ಮಾತು ನನಗೆ ತುಂಬಾ ಚಿಂತೆ ಹುಟ್ಟಿಸಿತು. ಅದು ಹಾವೂ ಅಲ್ಲ, ಶಾರ್ಕೂ ಅಲ್ಲ. "ರಾತ್ರಿ ಕಾರು ಓಡಿಸಿದರೆ ಸಮಯ ಉಳಿಯುತ್ತದೆ" ಅನ್ನುವ ಮಾತು. ಈ ಎರಡೂ ದಾರಿಗಳಲ್ಲಿ ನಾನು ಹದಿನಾಲ್ಕು ವರ್ಷ ಪ್ರವಾಸಿಗರ ಸಣ್ಣ ಬಸ್ ಓಡಿಸಿದ್ದೇನೆ. ಈಗ ಹೊರದೇಶದಿಂದ ಬಂದವರಿಗೆ ಇಲ್ಲಿನ ರಸ್ತೆಯಲ್ಲಿ ಕಾರು ಓಡಿಸುವುದನ್ನು ಕಲಿಸುತ್ತೇನೆ. ಅವರಲ್ಲಿ ನಮ್ಮೂರ ಕಡೆಯವರು ಜಾಸ್ತಿ. ಹೆಚ್ಚುಕಡಿಮೆ ಎಲ್ಲರೂ ಇದೇ ಲೆಕ್ಕ ಹಾಕಿಕೊಂಡು ಬರುತ್ತಾರೆ. ಹಾಗಾಗಿ ಅದರಿಂದಲೇ ಶುರು ಮಾಡುತ್ತೇನೆ.

ಬೆಂಗಳೂರಿಂದ ಸಾಗರಕ್ಕೆ ರಾತ್ರಿ ಹೊರಟರೆ ದಾರಿಯುದ್ದಕ್ಕೂ ಜೊತೆ ಇರುತ್ತದೆ. ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ. ಎಲ್ಲೋ ಒಂದು ಚಹಾ ಅಂಗಡಿ ತೆರೆದಿರುತ್ತದೆ. ಮುಂದೆ ಒಂದು ಲಾರಿ ಇರುತ್ತದೆ, ಅದರ ಹಿಂದಿನ ದೀಪ ನೋಡಿಕೊಂಡೇ ಹೋಗಬಹುದು. ಇಲ್ಲಿ ಸಿಡ್ನಿಗೆ ಹೋಗುವ ಕರಾವಳಿ ದಾರಿಯಲ್ಲಿ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಪೂರ್ವ ಗಿಪ್ಸ್‌ಲ್ಯಾಂಡ್‌ನಲ್ಲಿ, ಆರ್ಬಾಸ್ಟ್ ಅನ್ನುವ ಊರಿದೆ. ಅಲ್ಲಿಂದ ಮುಂದಿನ ಊರು ಕ್ಯಾನ್ ರಿವರ್, ಸುಮಾರು 75 ಕಿ.ಮೀ. ನಡುವೆ ಬರೀ ಕಾಡು. ರಸ್ತೆ ಚೆನ್ನಾಗಿದೆ, ವೇಗದ ಮಿತಿ ಹೆಚ್ಚಿನ ಕಡೆ 100 ಕಿ.ಮೀ. ಬೀದಿ ದೀಪ ಇಲ್ಲ, ಅಂಗಡಿ ಇಲ್ಲ, ಬಹಳ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ರಸ್ತೆ ಚೆನ್ನಾಗಿರುವುದೇ ಇಲ್ಲಿ ಮೋಸ. ನಮ್ಮ ಹುಲಿಕಲ್ ಘಾಟಿಯ ತಿರುವುಗಳು ತಾವೇ ಕಾರನ್ನು ನಿಧಾನ ಮಾಡಿಸುತ್ತವೆ. ಇಲ್ಲಿ ಯಾವುದೂ ನಿಮ್ಮನ್ನು ತಡೆಯುವುದಿಲ್ಲ, ಕಾಂಗರೂ ಒಂದನ್ನು ಬಿಟ್ಟು.

ಕಾಂಗರೂ, ಅದರ ಸಣ್ಣ ಜಾತಿಯ ವಾಲಬಿ, ಬಿಲ ತೋಡುವ ವಾಂಬ್ಯಾಟ್ ಇವೆಲ್ಲ ಹಗಲು ಹೊತ್ತು ನೆರಳಲ್ಲೋ ಬಿಲದಲ್ಲೋ ಮಲಗಿರುತ್ತವೆ. ಮೇಯಲು ಹೊರಡುವುದು ಸಂಜೆ. ರಸ್ತೆಯ ಅಂಚಿಗೆ ಮಳೆನೀರು ಹರಿದು ಬರುವುದರಿಂದ ಅಲ್ಲಿ ಹುಲ್ಲು ಹಸಿರಾಗಿರುತ್ತದೆ. ಅದಕ್ಕೇ ಅವು ಸರಿಯಾಗಿ ರಸ್ತೆ ಪಕ್ಕಕ್ಕೇ ಬರುತ್ತವೆ. ದೊಡ್ಡ ಗಂಡು ಕಾಂಗರೂ 60 ಕಿಲೋ ದಾಟುತ್ತದೆ. ದೀಪದ ಬೆಳಕು ಕಣ್ಣಿಗೆ ಬಿದ್ದರೆ ಅದು ಯಾವ ಕಡೆ ನೆಗೆಯುತ್ತದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ. ಒಂದು ದಾಟಿತು, ಉಸ್ಸಪ್ಪಾ ಅನ್ನುವಷ್ಟರಲ್ಲಿ ಅದರ ಹಿಂದೆ ಇನ್ನೊಂದು ಬರುತ್ತದೆ. ವಾಂಬ್ಯಾಟ್ ಕುಳ್ಳು, ಮೈ ಕಪ್ಪು, ಕಲ್ಲಿನಷ್ಟು ಗಟ್ಟಿ. ಟಾರು ರಸ್ತೆಯ ಮೇಲೆ ಕಣ್ಣಿಗೆ ಕಾಣುವುದೇ ಇಲ್ಲ.

ಒಂದು ಲೆಕ್ಕ ನೋಡಿ. 100 ಕಿ.ಮೀ. ವೇಗದಲ್ಲಿರುವ ಕಾರು, ನೀವು ಪ್ರಾಣಿಯನ್ನು ನೋಡಿ, ಬ್ರೇಕ್ ಒತ್ತಿ, ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲಿ ಹತ್ತಿರ ಹತ್ತಿರ 100 ಮೀಟರ್ ಬೇಕು. ಡಿಮ್ ಲೈಟಿನಲ್ಲಿ ನಿಮಗೆ ಚೆನ್ನಾಗಿ ಕಾಣುವುದು ಸುಮಾರು 50–60 ಮೀಟರ್. ಅಂದರೆ ಕಂಡ ಹೊತ್ತಿಗೇ ತಡವಾಗಿರುತ್ತದೆ. ನೀವು ಎಷ್ಟು ಒಳ್ಳೆಯ ಡ್ರೈವರ್ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೆಲಸ ಶುರು ಮಾಡಿದ ಎರಡನೇ ವರ್ಷ, ಕ್ಯಾನ್ ರಿವರ್ ದಾಟಿದ ಮೇಲೆ ಮುಸ್ಸಂಜೆಯಲ್ಲಿ ನನಗೇ ಇದು ಆಯಿತು. ಬಸ್‌ನಲ್ಲಿ ಒಂಬತ್ತು ಜನ ಇದ್ದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ರೇಡಿಯೇಟರ್ ಒಡೆದು, ಸಿಗ್ನಲ್ ಇಲ್ಲದ ಜಾಗದಲ್ಲಿ, ಚಳಿಯಲ್ಲಿ ಎರಡೂವರೆ ಗಂಟೆ ನಿಂತೆವು. ಸತ್ತು ಬಿದ್ದ ಆ ಪ್ರಾಣಿಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅಡ್ಡ ಬಂದರೆ ಏನು ಮಾಡಬೇಕು? ಸ್ಟೇರಿಂಗ್ ತಿರುಗಿಸಬೇಡಿ. ನೇರ ಹಿಡಿದು ಬ್ರೇಕ್ ಒತ್ತಿ. ಪ್ರಾಣಿಯನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದಿದವರು, ಎದುರಿನ ಲಾರಿಗೆ ನುಗ್ಗಿದವರು ಪ್ರಾಣವನ್ನೇ ಕಳೆದುಕೊಳ್ಳುತ್ತಾರೆ. ದನ, ನಾಯಿ ಅಡ್ಡ ಬಂದರೆ ಪಕ್ಕಕ್ಕೆ ಎಳೆಯುವ ಅಭ್ಯಾಸ ನಮ್ಮ ಕೈಗಿದೆ. ಅದು 40ರ ವೇಗದ ಅಭ್ಯಾಸ. ಇಲ್ಲಿಗೆ ಬರುವ ಮೊದಲೇ ಅದನ್ನು ಮನಸ್ಸಿನಿಂದ ತೆಗೆಯಿರಿ. ಪ್ರಾಣಿಗೆ ತಾಗಿದರೆ, ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಡುಪ್ರಾಣಿಗಳನ್ನು ಕಾಪಾಡುವ ಸಂಸ್ಥೆಗೆ ಫೋನ್ ಮಾಡಿ: ವಿಕ್ಟೋರಿಯಾದಲ್ಲಿ ವೈಲ್ಡ್‌ಲೈಫ್ ವಿಕ್ಟೋರಿಯಾ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ವೈರ್ಸ್. ತಾಯಿ ಸತ್ತರೂ ಚೀಲದಲ್ಲಿ ಮರಿ ಬದುಕಿರುವುದುಂಟು. ಎರಡೂ ನಂಬರ್ ಹೊರಡುವ ಮೊದಲೇ ಫೋನಿನಲ್ಲಿ ಹಾಕಿಕೊಳ್ಳಿ.

ಅಕ್ಟೋಬರ್ ನಡುವಿನಲ್ಲಿ ಮೆಲ್ಬರ್ನ್ ಕಡೆ ಸೂರ್ಯ ಮುಳುಗುವುದು ಸುಮಾರು ಏಳೂವರೆಗೆ. ಸಿಡ್ನಿ ಕಡೆ ಏಳರ ಆಸುಪಾಸು. ಆರೂವರೆಯ ಹೊತ್ತಿಗೆ ನೀವು ತಂಗುವ ಊರಿನಲ್ಲಿರಬೇಕು. ಬೆಳಿಗ್ಗೆಯೂ ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಿ.

ಇನ್ನೊಂದು ಶತ್ರು ನಿದ್ದೆ. ಅಕ್ಟೋಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ನೀವು ಬರುವಾಗ ಭಾರತಕ್ಕಿಂತ ಐದೂವರೆ ಗಂಟೆ ಮುಂದೆ ಇರುತ್ತೇವೆ. ಅಂದರೆ ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನೀವು ಸ್ಟೇರಿಂಗ್ ಹಿಡಿದಾಗ ನಿಮ್ಮ ಮೈಗೆ ಇನ್ನೂ ಬೆಳಗಿನ ಜಾವ ಮೂರೂವರೆ. ವಿಮಾನ ಇಳಿದ ದಿನ ಕಾರು ಮುಟ್ಟಲೇಬೇಡಿ. ಮೊದಲ ಎರಡು ದಿನ ಬೆಳಗಿನ ಪಾಳಿ ಗೆಳೆಯನದು, ಮಧ್ಯಾಹ್ನದ್ದು ನಿಮ್ಮದು. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಇಳಿದು ನಡೆಯಿರಿ. ಕಿಟಕಿ ತೆಗೆಯುವುದು, ಹಾಡು ಜೋರು ಮಾಡುವುದು, ಕಾಫಿ ಕುಡಿಯುವುದು, ಇವ್ಯಾವುದೂ ನಿದ್ದೆಗೆ ಮದ್ದಲ್ಲ. ರೆಪ್ಪೆ ಭಾರವಾದರೆ ಇಪ್ಪತ್ತು ನಿಮಿಷ ಮಲಗುವುದೇ ಮದ್ದು. ಅದಕ್ಕೆಂದೇ ಹೆದ್ದಾರಿಯಲ್ಲಿ ವಿಶ್ರಾಂತಿಯ ಜಾಗಗಳಿವೆ.

ಗೆಳೆಯರಿಬ್ಬರೇ ಹೋಗುವಾಗ ಒಂದು ತೊಂದರೆ ಇರುತ್ತದೆ. "ನನಗೆ ಸುಸ್ತಾಯಿತು" ಅಂತ ಇಬ್ಬರೂ ಬಾಯಿ ಬಿಡುವುದಿಲ್ಲ. ಒಬ್ಬನಿಗೆ ಕಾರು ಓಡಿಸುವ ಹುಮ್ಮಸ್ಸು, ಇನ್ನೊಬ್ಬನಿಗೆ ಅವನ ಮನಸ್ಸು ನೋಯಿಸಬಾರದು ಅನ್ನುವ ಸಂಕೋಚ. ಹೊರಡುವ ಮೊದಲೇ ಮಾತಾಡಿಕೊಳ್ಳಿ: ಇಬ್ಬರಲ್ಲಿ ಯಾರು "ನಿಲ್ಲಿಸು" ಅಂದರೂ ಕಾರು ನಿಲ್ಲಬೇಕು, ಕಾರಣ ಕೇಳಬಾರದು. ಪಕ್ಕದ ಸೀಟಿನವನು ಮಲಗಬಾರದು, ಮೊಬೈಲ್ ನೋಡುತ್ತ ಕೂರಬಾರದು. ರಸ್ತೆಯ ಅಂಚಿನ ಮೇಲೆ ಕಣ್ಣಿಡುವುದು ಅವನ ಕೆಲಸ.

ಈಗ ಅಮ್ಮನ ಭಯಕ್ಕೆ ಬರೋಣ. ಆಸ್ಟ್ರೇಲಿಯಾದಲ್ಲಿ ವಿಷದ ಹಾವುಗಳಿರುವುದು ನಿಜ. ಅಕ್ಟೋಬರ್‌ನಲ್ಲಿ ಅವು ಬಿಸಿಲು ಕಾಯಲು ಹೊರಬರುವುದೂ ನಿಜ. ಆದರೆ ಇಡೀ ದೇಶದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ ಇಬ್ಬರು. ಭಾರತದಲ್ಲಿ 2000ದಿಂದ 2019ರವರೆಗಿನ ಅಂದಾಜು ವರ್ಷಕ್ಕೆ ಸರಾಸರಿ 58,000. ಅಡಿಕೆ ತೋಟದಲ್ಲಿ ಓಡಾಡಿ ಬೆಳೆದ ನಿಮಗೆ ಬೇಕಾದ ಎಚ್ಚರ ಆಗಲೇ ಇದೆ. ನಡೆಯುವಾಗ ಮುಚ್ಚಿದ ಶೂ ಇರಲಿ, ಕಾಲಿಡುವ ಜಾಗ ನೋಡಿ. ಕಚ್ಚಿದರೆ ಇಲ್ಲಿನ ಪ್ರಥಮ ಚಿಕಿತ್ಸೆ ಬೇರೆ. ಗಾಯ ತೊಳೆಯಬಾರದು. ಅಗಲವಾದ ಇಲಾಸ್ಟಿಕ್ ಬ್ಯಾಂಡೇಜನ್ನು ಇಡೀ ಕೈಗೆ ಅಥವಾ ಕಾಲಿಗೆ ಬಿಗಿಯಾಗಿ ಸುತ್ತಿ, ಒಂದು ಕೋಲು ಕಟ್ಟಿ, ಅಲುಗಾಡದೆ ಮಲಗಿ ಇಲ್ಲಿನ ತುರ್ತು ನಂಬರ್ 000ಕ್ಕೆ ಫೋನ್ ಮಾಡಬೇಕು. ಅಂಥ ಎರಡು ಬ್ಯಾಂಡೇಜ್ ಕಾರಿನಲ್ಲಿರಲಿ. ಜೇಡದ ವಿಷಯ ಇನ್ನೂ ಸುಲಭ. ಸಿಡ್ನಿ ಕಡೆಯ ಫನಲ್ ವೆಬ್ ಜೇಡ ಅಪಾಯಕಾರಿಯೇ. ಆದರೆ ಅದಕ್ಕೆ ಮದ್ದು ಬಂದ 1981ರಿಂದೀಚೆಗೆ ಅದು ಕಚ್ಚಿ ಯಾರೂ ಸತ್ತಿದ್ದು ದಾಖಲಾಗಿಲ್ಲ.

ಅಮ್ಮ ಕೇಳದೇ ಇರುವ ಒಂದು ಪ್ರಾಣಿ ಇದೆ: ಉಣುಗು. ಮಂಗನ ಕಾಯಿಲೆಯ ಊರಿನ ಕಡೆಯವರಿಗೆ ಉಣುಗಿನ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಪೂರ್ವ ವಿಕ್ಟೋರಿಯಾದ ಲೇಕ್ಸ್ ಎಂಟ್ರನ್ಸ್ ಅನ್ನುವ ಊರಿನಿಂದ ಉತ್ತರಕ್ಕೆ, ಪೂರ್ವ ಕರಾವಳಿಯ ಕಾಡುಗಳಲ್ಲಿ ಪ್ಯಾರಾಲಿಸಿಸ್ ಟಿಕ್ ಅನ್ನುವ ಉಣುಗು ಸಿಗುತ್ತದೆ. ಅದು ನಮ್ಮ ಮಂಗನ ಕಾಯಿಲೆ ಹರಡುವುದಿಲ್ಲ. ಆದರೆ ಅದರ ಜೊಲ್ಲಿನಿಂದ ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ. ಊರಿನಲ್ಲಿ ಮಾಡುವ ಹಾಗೆ ಉಗುರಿನಲ್ಲಿ ಕಿತ್ತು ತೆಗೆಯಬೇಡಿ. ಹಿಂಡಿದರೆ ವಿಷ ಒಳಗೆ ಹೋಗುತ್ತದೆ. ಅದನ್ನು ಇದ್ದಲ್ಲೇ ತಣಿಸಿ ಕೊಲ್ಲುವ ಸ್ಪ್ರೇ ಔಷಧದ ಅಂಗಡಿಯಲ್ಲಿ ಸಿಗುತ್ತದೆ, ತೆಗೆದುಕೊಂಡಿರಿ. ಸಂಜೆ ಸ್ನಾನ ಮಾಡುವಾಗ ಕಿವಿಯ ಹಿಂದೆ, ಕೂದಲ ಬುಡ, ಕಂಕುಳು ನೋಡಿಕೊಳ್ಳಿ. ಗ್ರೇಟ್ ಓಷನ್ ರೋಡ್ ಪಕ್ಕದ ಆಟ್‌ವೇ ಕಾಡಿನ ತೇವದಲ್ಲಿ ಇಂಬಳವೂ ಹತ್ತುತ್ತದೆ. ಅದು ನಿಮಗೆ ಹಳೆಯ ಪರಿಚಯ.

ಶಾರ್ಕ್ ಬಗ್ಗೆ ಅಮ್ಮನಿಗೆ ಧೈರ್ಯ ಹೇಳಿ. ಸಮುದ್ರದ ಬಗ್ಗೆ ಮಾತ್ರ ನೀವೇ ಹೆದರಿ. ಇಲ್ಲಿ ನಮ್ಮವರ ಪ್ರಾಣ ತೆಗೆಯುತ್ತಿರುವುದು ಸಮುದ್ರದ ಸೆಳವು. 2024ರ ಜನವರಿಯಲ್ಲಿ ಫಿಲಿಪ್ ದ್ವೀಪದ ಫಾರೆಸ್ಟ್ ಕೇವ್ಸ್ ಬೀಚ್‌ನಲ್ಲಿ ಭಾರತೀಯ ಮೂಲದ ನಾಲ್ಕು ಜನ ಒಂದೇ ದಿನ ಮುಳುಗಿ ಹೋದರು. ಕಾವಲುಗಾರರಿಲ್ಲದ ಬೀಚ್ ಅದು. ಅಲೆಗಳು ದಡಕ್ಕೆ ತಂದು ಸುರಿದ ನೀರು ಯಾವುದೋ ಒಂದು ಕಾಲುವೆ ಹಿಡಿದು ವಾಪಸ್ ಹೋಗಲೇಬೇಕು. ಆ ಕಾಲುವೆಯಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಈಜು ಬಾರದವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಸರಿಯಾಗಿ ಅದರೊಳಗೇ ಇಳಿಯುತ್ತಾರೆ. ಗೋಕರ್ಣದಲ್ಲಿ, ಮುರುಡೇಶ್ವರದಲ್ಲಿ ಆಗುವುದೂ ಇದೇ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಅಕ್ಟೋಬರ್‌ನಲ್ಲಿ ವಿಕ್ಟೋರಿಯಾದ ಹೆಚ್ಚಿನ ಬೀಚ್‌ಗಳಲ್ಲಿ ಆ ಬಾವುಟ ಹಾಕಿರುವುದೇ ಇಲ್ಲ. ಹಾಗಾದರೆ ಮೊಣಕಾಲಿನ ನೀರಿಗಿಂತ ಮುಂದೆ ಬೇಡ. ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುವುದೂ ಬೇಡ. ಸೆಳವಿಗೆ ಸಿಕ್ಕಿದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ತೇಲಿ, ಕೈ ಎತ್ತಿ ಕೂಗಿ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಸರಿಯಿರಿ.

ಲೈಸೆನ್ಸ್ ವಿಷಯ ಸರಳ. ಪ್ರವಾಸಿ ವೀಸಾದಲ್ಲಿ ಕೆಲವು ವಾರಕ್ಕೆ ಬಂದವರು ತಮ್ಮ ದೇಶದ ಲೈಸೆನ್ಸ್‌ನಲ್ಲೇ ಓಡಿಸಬಹುದು, ಅದು ಇಂಗ್ಲಿಷ್‌ನಲ್ಲಿದ್ದರೆ ಸಾಕು. ನಿಮ್ಮ ಕಾರ್ಡ್ ಇಂಗ್ಲಿಷ್‌ನಲ್ಲಿ ಇರುತ್ತದೆ. ಫೋನಿನೊಳಗಿನ ಡಿಜಿಲಾಕರ್ ಪ್ರತಿ ನಂಬಿಕೊಂಡು ಬರಬೇಡಿ, ಅಸಲು ಕಾರ್ಡ್ ತನ್ನಿ. ಆರ್‌ಟಿಓ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನೂ ಮಾಡಿಸಿಕೊಂಡರೆ ಬಾಡಿಗೆ ಕಾರಿನವರ ಹತ್ತಿರ ವಾದ ಉಳಿಯುತ್ತದೆ. ಅದು ಒಂದು ವರ್ಷ ನಡೆಯುತ್ತದೆ. ನಿಮ್ಮ ಗೆಳೆಯ ಮೂರು ವರ್ಷದಿಂದ ಇಲ್ಲಿದ್ದಾನೆ. ಅವನ ಹತ್ತಿರ ವಿಕ್ಟೋರಿಯಾದ ಲೈಸೆನ್ಸ್ ಇದೆಯಾ ಅಂತ ಒಮ್ಮೆ ಕೇಳಿ. ಇಲ್ಲಿ ನೆಲೆಸಿದವರಿಗೆ ಆರು ತಿಂಗಳಾದ ಮೇಲೆ ಭಾರತದ ಲೈಸೆನ್ಸ್ ನಡೆಯುವುದಿಲ್ಲ.

ರಸ್ತೆಯ ನಿಯಮದಲ್ಲಿ ನಿಮಗೆ ದೊಡ್ಡ ಅನುಕೂಲ ಇದೆ. ಇಲ್ಲೂ ಎಡಗಡೆಯೇ. ಎಡವುವುದು ಸಣ್ಣ ವಿಷಯಗಳಲ್ಲಿ. "ಸ್ಟಾಪ್" ಬೋರ್ಡ್ ಇದ್ದರೆ ರಸ್ತೆ ಖಾಲಿಯಿದ್ದರೂ ಚಕ್ರ ಪೂರ್ತಿ ನಿಲ್ಲಬೇಕು. ವೃತ್ತದಲ್ಲಿ ಆಗಲೇ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು. ಹಾರ್ನ್ ಸುಮ್ನೆ ಹೊಡೆಯುವಂತಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದರೆ, ಸೀಟ್ ಬೆಲ್ಟ್ ಸರಿಯಾಗಿ ಹಾಕದಿದ್ದರೆ, ಹಿಡಿಯಲು ಎರಡೂ ರಾಜ್ಯಗಳಲ್ಲಿ ಕ್ಯಾಮೆರಾಗಳಿವೆ. ಕಾಡಿನ ತಿರುವಿನಲ್ಲಿ ಹಿಂದೆ ನಾಲ್ಕು ಕಾರು ಸಾಲುಗಟ್ಟಿದರೆ ನಾಚಿಕೊಂಡು ವೇಗ ಹೆಚ್ಚಿಸಬೇಡಿ. ನಿಧಾನದ ಗಾಡಿಗಳಿಗೆಂದೇ ಪಕ್ಕದಲ್ಲಿ ಜಾಗ ಬಿಟ್ಟಿರುತ್ತಾರೆ. ಅಲ್ಲಿ ಸರಿದು ಅವರನ್ನು ಮುಂದೆ ಕಳಿಸಿ.

ಕಾರು ಯಾವುದು? ಗೆಳೆಯನ ಕಾರಾದರೆ ಹಣ ಉಳಿಯುತ್ತದೆ. ಆದರೆ ಹೊರದೇಶದ ಲೈಸೆನ್ಸ್ ಇರುವ ನೀವು ಓಡಿಸುವಾಗ ಅಪಘಾತವಾದರೆ ಅವನ ವಿಮೆ ಎಷ್ಟು ಕೊಡುತ್ತದೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಸಿ. ಜೊತೆಗೆ ಸಿಡ್ನಿಯಿಂದ ಕಾರು ವಾಪಸ್ ತರಬೇಕು. ಒಳನಾಡಿನ ಹ್ಯೂಮ್ ಹೆದ್ದಾರಿಯಲ್ಲೇ ಅದು ಸುಮಾರು 880 ಕಿ.ಮೀ. ರಜೆ ಮುಗಿಸಿ ಅವನೊಬ್ಬನೇ ಸುಸ್ತಾಗಿ ಅಷ್ಟು ದೂರ ಓಡಿಸುವುದು ನನಗೆ ಇಷ್ಟವಿಲ್ಲ. ಬಾಡಿಗೆ ಕಾರನ್ನು ಸಿಡ್ನಿಯಲ್ಲೇ ಬಿಡಬಹುದು, ಅದಕ್ಕೆ ಹೆಚ್ಚು ದುಡ್ಡು ಕೇಳುತ್ತಾರೆ. ಕರಾರಿನಲ್ಲಿ ಮೂರು ವಿಷಯ ಓದಿ: ನಿಮ್ಮಿಬ್ಬರ ಹೆಸರೂ ಚಾಲಕರೆಂದು ಇದೆಯಾ, ಮಣ್ಣಿನ ರಸ್ತೆಗೆ ವಿಮೆ ಇದೆಯಾ, ಕತ್ತಲಾದ ಮೇಲೆ ಪ್ರಾಣಿ ಗುದ್ದಿದರೆ ಕೊಡುತ್ತಾರಾ. ಕೆಲವು ಕಂಪನಿಗಳು ಕೊನೆಯ ಎರಡಕ್ಕೂ ಕೊಡುವುದಿಲ್ಲ. ಸಣ್ಣ ಕಾರು ಸಾಕು, ನೀವು ಹೋಗುವ ಮುಖ್ಯ ದಾರಿಯೆಲ್ಲ ಟಾರಿನದು.

ಕಾರಿನಲ್ಲಿ ಮಲಗುವ ಯೋಚನೆ ಬಿಡಿ. ಹೆದ್ದಾರಿ ಪಕ್ಕ ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು ಬೇರೆ, ಬೀಚ್‌ನ ಪಾರ್ಕಿಂಗ್‌ನಲ್ಲಿ ರಾತ್ರಿ ಕಳೆಯುವುದು ಬೇರೆ. ಗ್ರೇಟ್ ಓಷನ್ ರೋಡ್ ಉದ್ದಕ್ಕೂ ಅದಕ್ಕೆ ದಂಡ ಇದೆ. ದಂಡಕ್ಕಿಂತ ಮುಖ್ಯವಾಗಿ, ಮುದುರಿ ಮಲಗಿದವನಿಗೆ ಮರುದಿನ ಕಣ್ಣು ಎಳೆಯುತ್ತದೆ. ಊರಿನ ಕ್ಯಾರವಾನ್ ಪಾರ್ಕ್‌ಗಳಲ್ಲಿ ಸಣ್ಣ ಕ್ಯಾಬಿನ್ ಸಿಗುತ್ತದೆ, ಅಡುಗೆ ಮಾಡಿಕೊಳ್ಳಲೂ ಆಗುತ್ತದೆ. ಟೆಂಟ್ ಹಾಕುವುದಾದರೆ ದೊಡ್ಡ ನೀಲಗಿರಿ ಮರದ ಕೆಳಗೆ ಹಾಕಬೇಡಿ. ಗಾಳಿ ಇಲ್ಲದ ದಿನವೂ ಅವು ಕೊಂಬೆ ಕೆಡವುತ್ತವೆ.

ಹಾಗಾದರೆ ಆರು ದಿನದಲ್ಲಿ ಏನು ಮಾಡಬಹುದು? ನಿಮ್ಮ ಯೋಜನೆ ಒಟ್ಟು 1,500 ಕಿ.ಮೀ. ದಾಟುತ್ತದೆ. ಕಾಗದದ ಮೇಲೆ ಆಗುತ್ತದೆ. ಆದರೆ ದಿನಕ್ಕೆ ನಾಲ್ಕೈದು ಗಂಟೆ ಓಡಿಸಿ, ನಿಂತು ನೋಡಿ, ಊಟ ಮಾಡುವಷ್ಟರಲ್ಲಿ ಪ್ರತಿದಿನ ಕೊನೆಯ ಒಂದು ಗಂಟೆ ಕತ್ತಲಿಗೆ ಬೀಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿ.

ಬರೀ ಗ್ರೇಟ್ ಓಷನ್ ರೋಡ್ ಮತ್ತು ಆಟ್‌ವೇ ಕಾಡು ಅಂದರೆ ಮೂರು ನಾಲ್ಕು ದಿನ ಸಾಕು. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು, ಸತ್ತ ಜೊತೆಗಾರರ ನೆನಪಿಗೆ 1919ರಿಂದ 1932ರವರೆಗೆ ಕಡಿದು ಮಾಡಿದ ರಸ್ತೆ ಅದು. ಸುಮಾರು 240 ಕಿ.ಮೀ. ತಿರುವು ಜಾಸ್ತಿ, ವೇಗ ಕಡಿಮೆ, ಊರುಗಳು ಹತ್ತಿರ ಹತ್ತಿರ. ಅಪೊಲೊ ಬೇ ಮತ್ತು ಪೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ ತಂಗಿ. ಮೇಟ್ಸ್ ರೆಸ್ಟ್‌ನ ಮಳೆಕಾಡಿನಲ್ಲಿ ಬೆಳಿಗ್ಗೆ ನಡೆಯಿರಿ. ಪಾಚಿ ಮೆತ್ತಿದ ಮರಗಳನ್ನು ನೋಡಿದರೆ ಆಗುಂಬೆ ನೆನಪಾಗುತ್ತದೆ. ಕಾಡಿನ ಬಾಯಲ್ಲಿ ಶೂ ತೊಳೆಯುವ ಬ್ರಷ್ ಇದ್ದರೆ ಬಿಡದೆ ಬಳಸಿ. ಗಿಡಗಳ ಬೇರು ಕೊಳೆಸುವ ರೋಗ ಮಣ್ಣಿನ ಜೊತೆ ಶೂಗೆ ಅಂಟಿ ಹರಡುತ್ತದೆ. ಟ್ವೆಲ್ವ್ ಅಪೊಸಲ್ಸ್ ಅನ್ನುವ, ಸಮುದ್ರದಲ್ಲಿ ನಿಂತ ಸುಣ್ಣದಕಲ್ಲಿನ ಕಂಬಗಳಲ್ಲಿ ಒಂದು 2005ರಲ್ಲಿ ಕುಸಿಯಿತು. ಹತ್ತಿರದ ಲಂಡನ್ ಬ್ರಿಡ್ಜ್ ಅನ್ನುವ ಕಲ್ಲಿನ ಕಮಾನು 1990ರಲ್ಲಿ ಬಿದ್ದಾಗ ಆಚೆ ಸಿಕ್ಕಿಕೊಂಡ ಇಬ್ಬರನ್ನು ಹೆಲಿಕಾಪ್ಟರ್‌ನಲ್ಲಿ ತರಬೇಕಾಯಿತು. ಅಲ್ಲಿ ಬೇಲಿ ದಾಟಬೇಡಿ ಅಂತ ನಾನು ಪ್ರತಿ ಸಲ ಹೇಳುವುದು ಅದಕ್ಕೇ.

ಮೆಲ್ಬರ್ನ್‌ನಿಂದ ಸಿಡ್ನಿಗೆ ಕರಾವಳಿಯ ದಾರಿ ಸುಮಾರು 1,040 ಕಿ.ಮೀ. ನನ್ನನ್ನು ಕೇಳಿದರೆ ನಿಮಗೆ ಇದೇ ಸರಿ. ಇಬ್ಬರು ಚಾಲಕರಿದ್ದೀರಿ, ಕಾಡು ಇಷ್ಟ, ಜನಸಂದಣಿಯೂ ಕಡಿಮೆ. ಮೊದಲ ರಾತ್ರಿ ಲೇಕ್ಸ್ ಎಂಟ್ರನ್ಸ್. ಮರುದಿನ ಆರ್ಬಾಸ್ಟ್‌ನಲ್ಲಿ ಪೆಟ್ರೋಲ್ ತುಂಬಿಸಿ, ಕಾಡನ್ನು ಹಗಲಲ್ಲೇ ದಾಟಿ ಮ್ಯಾಲಕೂಟಾ. ಅಲ್ಲಿ ಎರಡು ರಾತ್ರಿ ಇರಿ. ಆಮೇಲೆ ಈಡನ್. ಅಕ್ಟೋಬರ್‌ನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ಮರಿಗಳ ಜೊತೆ ದಕ್ಷಿಣಕ್ಕೆ ಹೋಗುವುದು ಅಲ್ಲಿ ಕಾಣುತ್ತದೆ. ಮುಂದೆ ನರೂಮಾ, ಜರ್ವಿಸ್ ಬೇಯಲ್ಲಿ ಒಂದೊಂದು ರಾತ್ರಿ. ಆರನೇ ದಿನ ಸಿಡ್ನಿ.

ಈ ದಾರಿಯ ಅಪಾಯ ಬೆಂಕಿ. 2019ರ ಡಿಸೆಂಬರ್ 31ರಂದು ಮ್ಯಾಲಕೂಟಾವನ್ನು ಕಾಡ್ಗಿಚ್ಚು ಸುತ್ತಿದಾಗ ಸಾವಿರಾರು ಜನ ನೀರಿನ ದಡದಲ್ಲಿ ನಿಂತು ಜೀವ ಉಳಿಸಿಕೊಂಡರು. ರಸ್ತೆ ಮುಚ್ಚಿತ್ತು, ನೌಕಾಪಡೆಯ ಹಡಗು ಬಂದು ಜನರನ್ನು ಕರೆದೊಯ್ದಿತು. ಅಕ್ಟೋಬರ್‌ನಲ್ಲಿ ಅಷ್ಟು ದೊಡ್ಡ ಬೆಂಕಿ ಅಪರೂಪ, ಆದರೆ ಒಣಗಿದ ವರ್ಷದಲ್ಲಿ ಆಗಲೇ ಶುರುವಾಗುತ್ತದೆ. ವಿಕ್ಟೋರಿಯಾಕ್ಕೆ ವಿಕ್‌ಎಮರ್ಜೆನ್ಸಿ, ನ್ಯೂ ಸೌತ್ ವೇಲ್ಸ್‌ಗೆ ಹಜಾರ್ಡ್ಸ್ ನಿಯರ್ ಮಿ ಅನ್ನುವ ಆ್ಯಪ್ ಹಾಕಿಕೊಂಡು ದಿನಾ ಬೆಳಿಗ್ಗೆ ನೋಡಿ. ಅಪಾಯದ ಮಟ್ಟ "ಎಕ್ಸ್‌ಟ್ರೀಮ್" ಅಥವಾ "ಕ್ಯಾಟಸ್ಟ್ರಾಫಿಕ್" ಅಂತಿದ್ದರೆ ಕಾಡಿಗೆ ಹೋಗುವುದೇ ಬೇಡ. ರೂಮಿನ ದುಡ್ಡು ಹೋದರೆ ಹೋಗಲಿ.

ಅಮ್ಮ ಕಟ್ಟಿಕೊಡುವ ಬುತ್ತಿಯ ಬಗ್ಗೆಯೂ ಒಂದು ಮಾತು. ಹಸಿ ಕರಿಬೇವು, ಹಣ್ಣು, ಬೀಜ ತರಬೇಡಿ. ಬೇರೆ ಏನೇ ತಿಂಡಿ, ಪುಡಿ, ಉಪ್ಪಿನಕಾಯಿ ತಂದರೂ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಆ ಪದಾರ್ಥ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ದೊಡ್ಡದು, ವೀಸಾ ರದ್ದಾಗುವುದೂ ಇದೆ.

ಪ್ರತಿ ಸಂಜೆ ತಂಗುವ ಊರು ಸೇರಿ, ಕಾರಿನ ಕೀ ಮೇಜಿನ ಮೇಲಿಟ್ಟ ಮೇಲೆ ಅಮ್ಮನಿಗೆ ಫೋನ್ ಮಾಡಿ. ಇಲ್ಲಿ ಸಂಜೆ ಏಳು ಅಂದರೆ ಸಾಗರದಲ್ಲಿ ಮಧ್ಯಾಹ್ನ ಒಂದೂವರೆ, ಅವರ ಊಟದ ಹೊತ್ತು. ಆರ್ಬಾಸ್ಟ್‌ನಿಂದ ಮ್ಯಾಲಕೂಟಾಕ್ಕೆ ಹೋಗುವ ದಿನ ನಡುವೆ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ ಅಂತ ಹಿಂದಿನ ರಾತ್ರಿಯೇ ಅವರಿಗೆ ಹೇಳಿಡಿ.